ಗಿಣಿಯ ಹಾಡಿಗೊಂದು ಜೋಡಿ ಸ್ಪೀಕರ್

ಮಾರ್ಚ್ 4

ಗೊಗ್ಗರೀ,

ಪತ್ರ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಸಾಯಬೇಕಾದ ವಯಸ್ಸಿನವಳು ನಾನು, ಗುಂಡುಕಲ್ಲಿನ ಹಾಗೆ ಇದ್ದೇನೆ. ಸಾಯಬಾರದವಳು ಹೋಗಿ ಮೂರು ವರ್ಷವಾಗುತ್ತ ಬಂತು. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನಿನ್ನ ದನಿಯನ್ನು ಎದುರಿಗೆ ಕೇಳುವುದೇ ಕಷ್ಟ, ಫೋನಿನಲ್ಲಂತೂ ತಗಡು ಎಳೆದ ಹಾಗಿರುತ್ತದೆ. ಹಾಡಿನ ಟೀಚರ್ ಕಿವಿ, ಏನು ಮಾಡಲಿ. ಬರೆದುಕೊಂಡರೆ ಇಬ್ಬರಿಗೂ ಕ್ಷೇಮ.

ವಿಷಯ ಇಷ್ಟು. ನಮ್ಮ ಸ್ಟೀರಿಯೋದ ಸ್ಪೀಕರುಗಳ ಕಥೆ ಮುಗಿಯಿತು. ಎಡಗಡೆಯದು ಗೊರಗೊರ ಅನ್ನುತ್ತದೆ, ಬಲಗಡೆಯದು ಬೇಕಾದಾಗ ಉಸಿರಾಡುತ್ತದೆ, ಬೇಡವಾದಾಗ ಸುಮ್ಮನಾಗುತ್ತದೆ. ಅದರಲ್ಲಿ ಗಿಣಿಯ ಹಾಡು ಹಾಕಿದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ನಿನ್ನ ತಂಗಿಯ ದನಿ ಈ ಲೋಕದಲ್ಲಿ ಉಳಿದಿರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ. ಫೋಟೊ ಬಾಯಿ ಬಿಡುವುದಿಲ್ಲ, ಸೀರೆಗಳ ವಾಸನೆ ಹೋಯಿತು. ನನ್ನ ಮಗಳು ಅಂತ ನನಗೆ ಉಳಿದಿರುವುದು ಆ ಹಾಡು ಮಾತ್ರ. ಅವಳ ಕೆಳಗಿನ ಸ್ವರದಲ್ಲಿ ಒಂದು ಸಣ್ಣ ಒರಟು ಇದೆಯಲ್ಲ, ಹೊಸ ಹತ್ತಿಬಟ್ಟೆ ಮುಟ್ಟಿದ ಹಾಗೆ, ಅದು ಕಲಿಸಿದರೆ ಬರುವುದಲ್ಲ. ಇಷ್ಟು ವರ್ಷ ಪಾಠ ಹೇಳಿದೆ, ಇನ್ನೊಂದು ಕಂಠದಲ್ಲಿ ಕೇಳಿಲ್ಲ.

ಆಗಸ್ಟಿನಲ್ಲಿ ಅವಳು ಹೋದ ದಿನ ಹಳೆಯ ಶಿಷ್ಯರನ್ನೆಲ್ಲ ಕರೆದು ಆ ಹಾಡು ಕೇಳಿಸಬೇಕೆಂದಿದ್ದೇನೆ. ಕಪಾಟಿನ ಮೇಲೆ ಕೂರುವಂಥ ಸಣ್ಣ ಸ್ಪೀಕರುಗಳೇ ಸಾಕು. ನೀನು ಹೇಗೂ ಆ ಡಬ್ಬ ಮಾರುವ ಅಂಗಡಿಯಲ್ಲೇ ಇದ್ದೀಯ. ಹಾಡಲು ಬಾರದಿದ್ದರೂ ಹಾಡುವ ಡಬ್ಬ ಮಾರಲು ಬಂತು, ಸದ್ಯ. ಒಳ್ಳೆಯದೊಂದು ಜೋಡಿ ಆರಿಸಿ ಕಳಿಸು.

ಅಮ್ಮ


ಮಾರ್ಚ್ 15

ಅಮ್ಮ, ನಮಸ್ಕಾರ.

ನಿಮ್ಮ ಪಾಠದ ಕೋಣೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕಲ್ಲಿನ ನೆಲ, ಪರದೆಯಿಲ್ಲದ ಎರಡು ಕಿಟಕಿ, ಒಂದು ಗೋಡೆ ಪೂರ್ತಿ ಪುಸ್ತಕದ ಕಪಾಟು. ಅಂಥ ಕೋಣೆಯಲ್ಲಿ ಶಬ್ದ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಅದಕ್ಕೆ ಮೆತ್ತಗೆ ಹಾಡುವ ಸ್ಪೀಕರೇ ಸರಿ.

ಈ ಸಣ್ಣ ಸ್ಪೀಕರುಗಳಲ್ಲಿ ಮೇಲಿನ ಸ್ವರ ಬರುವುದು ಒಂದು ಪುಟ್ಟ ಗುಮ್ಮಟದಿಂದ. ಕೆಲವಕ್ಕೆ ಅದು ರೇಷ್ಮೆಯದು, ಕೆಲವಕ್ಕೆ ಲೋಹದ್ದು. ರೇಷ್ಮೆಯದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಹಳೆಯ ಕ್ಯಾಸೆಟ್ಟಿನ ಸರಸರ ಎಲ್ಲ ಹಿಂದಕ್ಕೆ ಸರಿಯುತ್ತದೆ. ಲೋಹದ್ದು ಚಾಡಿಕೋರ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ನಿಮಗೆ ರೇಷ್ಮೆಯ ಜೋಡಿ ಕಳಿಸುತ್ತಿದ್ದೇನೆ. ನಮ್ಮ ಫಿಟ್ಟರ್ ಅಣ್ಣನೇ ಬಂದು ಜೋಡಿಸಿಕೊಡುತ್ತಾರೆ. ಕ್ಯಾಸೆಟ್ ಅವರ ಕೈಯಲ್ಲಿ ಕೊಡಿ, ಸಿ.ಡಿ. ಮಾಡಿ ವಾಪಸು ಕಳಿಸುತ್ತೇನೆ. ಸ್ಪೀಕರನ್ನು ಗೋಡೆಗೆ ಒತ್ತಿ ಇಡಬೇಡಿ, ದನಿ ದಪ್ಪವಾಗುತ್ತದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ದೊಡ್ಡವಳು


ಏಪ್ರಿಲ್ 2

ಗೊಗ್ಗರೀ,

ನಿನ್ನ ಫಿಟ್ಟರ್ ಬಂದಿದ್ದ. ಮೀಸೆ ದೊಡ್ಡದು, ಮಾತು ಇನ್ನೂ ದೊಡ್ಡದು. "ಅಮ್ಮಾ, ಕುರ್ಚಿ ಇಲ್ಲಿಗೆ ಎಳೀರಿ, ಮುಖ ಇತ್ಲಾಗೆ ಮಾಡ್ಕೊಂಡು ಕೂತ್ಕೊಳ್ಳಿ" ಅಂತ ನನಗೇ ಪಾಠ. ನಾನು ಯಾವತ್ತು ಮುಖ ಕೊಟ್ಟು ಕೇಳಿದ್ದೇನೆ? ಹಾಡುವವರಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂರುವವಳು ನಾನು. ಮುಖ ನೋಡಿದರೆ ಕಿವಿ ಕೆಡುತ್ತದೆ. ಬಾಗಿಲಲ್ಲಿ ಕೆಮ್ಮಿದರೆ ಸಾಕು, ಯಾವ ಶಿಷ್ಯೆ ಬಂದಳೆಂದು ತಿರುಗದೆ ಹೇಳುತ್ತಿದ್ದೆ, ಮರೆತೆಯಾ?

ಸಿ.ಡಿ. ಬಂತು, ಹಾಕಿದೆ. ಏನೇ ಇದು? ಕಂಬಳಿ ಹೊದಿಸಿ ಹಾಡಿಸಿದ ಹಾಗಿದೆ. ಮಾತು ಮಾತಿಗೂ ತುಟಿ ಸೇರುವ ಸದ್ದು ಇರಬೇಕು, ಉಸಿರು ಎಲ್ಲಿ ತೆಗೆದಳೆಂದು ತಿಳಿಯಬೇಕು. ನನ್ನ ಮಗಳು ಹತ್ತಿರ ಬಂದು ಕೂರಲಿ ಅಂತ ಕೇಳಿದರೆ ನೀನು ಅವಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದ್ದೀಯ. ಆ ಇನ್ನೊಂದು ಜೋಡಿ ಕಳಿಸು. ಮಾರಿ ಹೋಗದ್ದನ್ನು ಅಮ್ಮನ ತಲೆಗೆ ಕಟ್ಟುವ ಬುದ್ಧಿ ಬಿಡು.

ಅಮ್ಮ


ಏಪ್ರಿಲ್ 10
(ಇದನ್ನು ಅಂಚೆಗೆ ಹಾಕಲಿಲ್ಲ)

ಅಮ್ಮ,

ಇವತ್ತು ಬರೆದೇ ತೀರುತ್ತೇನೆ. ಕಂಪ್ಯೂಟರಿನಲ್ಲಿ ಉಳಿದಿದ್ದ ನಿನ್ನ ಆ ಹಾಡನ್ನು ಲೋಹದ ಜೋಡಿಯಲ್ಲಿ ಹಾಕಿ, ಅಂಗಡಿಯ ಕೋಣೆಯಲ್ಲಿ ಕೂತು ಕೇಳಿದೆ. ಎಲ್ಲ ಕೇಳುತ್ತದೆ. ಅದಕ್ಕೇ ಆ ಜೋಡಿ ಕಳಿಸಲಾರೆ.

ಅಮ್ಮ, ಅದರಲ್ಲಿ ಹಾಡಿರುವುದು ಗಿಣಿ ಅಲ್ಲ. ನಾನು.

ನಿನಗೆ ಆಗ ಕಾಲು ಮುರಿದಿತ್ತು, ಮಂಚ ಬಿಟ್ಟು ಏಳುವ ಹಾಗಿರಲಿಲ್ಲ. ಅಪ್ಪ ನಮ್ಮಿಬ್ಬರನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದರು. ಗಿಣಿಗೆ ಗಂಟಲು ಕಟ್ಟಿ, ಕೆಮ್ಮು ಹತ್ತಿ, ಒಂದು ಸ್ವರವೂ ಹೊರಡಲಿಲ್ಲ. ಅತ್ತುಬಿಟ್ಟಳು. ಸ್ಟುಡಿಯೋದವನು ಮತ್ತೆ ದಿನ ಕೊಡುವುದಿಲ್ಲ ಅಂದ. ಅಪ್ಪ ನನ್ನ ಕಡೆ ತಿರುಗಿ, "ಲೇ ದೊಡ್ಡವಳೇ, ನೀನೇ ಹಾಡ್ಬಿಡು. ನಿಮ್ಮಮ್ಮ ಮೊದಲ್ನೇ ಸಾಲಿಗೇ ಹಿಡೀತಾಳೆ, ನಕ್ಕೊಂಡು ಸುಮ್ನಾಗೋಣ" ಅಂದರು. ನಿನ್ನ ಪಾಠವನ್ನೆಲ್ಲ ಹೊರಗೆ ಬಟ್ಟೆ ಮಡಿಸುತ್ತ ಕಲಿತವಳು ನಾನು. ನನ್ನ ದನಿ ಗೊಗ್ಗರು ಅಂತ ಎಂಟನೇ ವಯಸ್ಸಿಗೇ ಎಬ್ಬಿಸಿ ಕಳಿಸಿದ್ದೆಯಲ್ಲ. ಮೈಕಿನ ಹತ್ತಿರ ಬಾಯಿಟ್ಟು ಮೆಲ್ಲಗೆ ಹಾಡಿದರೆ ಅದು ಬೇರೆಯೇ ದನಿಯಾಗುತ್ತದೆ ಅಂತ ಆವತ್ತು ನನಗೂ ಗೊತ್ತಾಯಿತು.

ಮನೆಗೆ ಬಂದು ಹಾಕಿದೆವು. ನೀನು ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿದೆ. ನಾವು ಮೂವರೂ ನಗು ತಡೆದುಕೊಂಡು ನಿಂತಿದ್ದೆವು. ನೀನು ಅಳಲು ಶುರುಮಾಡಿದೆ. "ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನನ್ನ ಜನ್ಮ ಸಾರ್ಥಕ" ಅಂದು ಗಿಣಿಯನ್ನು ಎಳೆದು ಎದೆಗೆ ಒತ್ತಿಕೊಂಡೆ. ಆಮೇಲೆ ಯಾರು ಬಾಯಿ ಬಿಡುತ್ತಾರೆ? ಅಪ್ಪ ಸಾಯುವವರೆಗೂ ನನ್ನ ಮುಖ ನೋಡಿ ಮಾತಾಡಲು ಹಿಂಜರಿದರು.

ಈಗ ಹೇಳಿದರೆ ಗಿಣಿ ನಿನ್ನ ಪಾಲಿಗೆ ಇನ್ನೊಂದು ಸಲ ಸಾಯುತ್ತಾಳೆ. ಹೇಳದಿದ್ದರೆ ನಾನು ಹುಟ್ಟಿಯೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿನಗೆ ನಾನು ಹೆಗ್ಗಣವೂ ಆಗಲಿಲ್ಲ.

ಬೇಡ. ನಾಳೆ ಬೇರೆ ಬರೆಯುತ್ತೇನೆ.


ಏಪ್ರಿಲ್ 11

ಅಮ್ಮ, ನಮಸ್ಕಾರ.

ಸ್ಪೀಕರ್ ಹೊಸದು, ಸ್ವಲ್ಪ ದಿನ ಹಾಡಿದ ಮೇಲೆ ದನಿ ಬಿಚ್ಚಿಕೊಳ್ಳುತ್ತದೆ. ಕಿಟಕಿಗೆ ಪರದೆ ಹಾಕಿಸಿ ನೋಡಿ. ಲೋಹದ ಜೋಡಿ ನಿಮ್ಮ ಕ್ಯಾಸೆಟ್ಟಿಗೆ ಸರಿಹೋಗುವುದಿಲ್ಲ, ರೆಕಾರ್ಡಿಂಗಿನ ಕೊರತೆಯನ್ನೆಲ್ಲ ಎತ್ತಿ ತೋರಿಸುತ್ತದೆ. ನನ್ನ ಮಾತು ಕೇಳಿ, ಇದನ್ನೇ ಇಟ್ಟುಕೊಳ್ಳಿ.

ದೊಡ್ಡವಳು


ಮೇ 6

ಗೊಗ್ಗರೀ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಡಬ್ಬ ಸರಿಯಿಲ್ಲ ಅಂದರೆ ನನ್ನ ಮಗಳ ರೆಕಾರ್ಡಿಂಗಿನಲ್ಲಿ ಕೊರತೆಯಂತೆ! ಗಿಣಿಯ ಹಾಡಿನಲ್ಲಿ ಕೊರತೆ ಹುಡುಕುವ ಕಿವಿ ನಿನಗೆ ಯಾವಾಗ ಬಂತು?

ನಾನು ಬಾಯಿ ಬಿಟ್ಟು ಹೇಳಬಾರದೆಂದಿದ್ದೆ, ನೀನೇ ಹೇಳಿಸುತ್ತಿದ್ದೀಯ. ಚಿಕ್ಕಂದಿನಿಂದ ನಿನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಅವಳನ್ನು ಹೊಗಳಿದಾಗಲೆಲ್ಲ ನಿನ್ನ ಮುಖ ಹುಳಿಯಾಗುತ್ತಿತ್ತು. ಈಗ ಸತ್ತವಳ ಬಾಯಿಗೂ ಬಟ್ಟೆ ತುರುಕಲು ಹೊರಟಿದ್ದೀಯ. ರೇಷ್ಮೆಯಂತೆ, ರೇಷ್ಮೆ! ಈ ವಾರದೊಳಗೆ ಆ ಇನ್ನೊಂದು ಜೋಡಿ ಬರದಿದ್ದರೆ ನಾನೇ ಬೇರೆ ಅಂಗಡಿಗೆ ಹೋಗುತ್ತೇನೆ. ಆಮೇಲೆ ಈ ಮನೆ ಬಾಗಿಲಿಗೆ ನೀನು ಬರುವುದೇನೂ ಬೇಡ.

ಅಮ್ಮ


ಮೇ 12

ಅಮ್ಮ,

ಕಳಿಸುತ್ತಿದ್ದೇನೆ. ಫಿಟ್ಟರ್ ಅಣ್ಣ ಗುರುವಾರ ಬಂದು ಹಳೆಯದನ್ನು ತೆಗೆದು ಇದನ್ನು ಕೂರಿಸುತ್ತಾರೆ. ಬೇಡವೆಂದು ಎರಡು ಸಲ ಹೇಳಿದ್ದೇನೆ, ನೆನಪಿರಲಿ.

ದೊಡ್ಡವಳು


ಜೂನ್ 9

ಗೊಗ್ಗರೀ,

ಅಬ್ಬಾ! ಇದು ಸ್ಪೀಕರ್ ಅಂದರೆ! ಇದನ್ನು ಇಟ್ಟುಕೊಂಡು ನನಗೆ ಆ ಕಂಬಳಿ ಕಳಿಸಿದ್ದೆಯಲ್ಲ, ನಿನಗೆ ಏನು ಹೇಳಬೇಕು. ಕುರ್ಚಿಯಲ್ಲಿ ಕೂತರೆ ನನ್ನ ಗಿಣಿ ಒಂದು ಮಾರು ದೂರದಲ್ಲಿ ನಿಂತು ಹಾಡುತ್ತಾಳೆ. ಎಂಜಲು ನುಂಗುವುದು ಕೇಳುತ್ತದೆ. ಕೆಳಗಿನ ಸ್ವರಕ್ಕೆ ಇಳಿಯುವ ಮುಂಚೆ ಚೂರು ಹೆದರಿ, ಆಮೇಲೆ ಧೈರ್ಯ ಮಾಡುತ್ತಾಳೆ, ಅದೂ ಕೇಳುತ್ತದೆ. ಇಷ್ಟು ವರ್ಷ ನನಗೆ ಆ ಹೆದರಿಕೆ ಗೊತ್ತೇ ಇರಲಿಲ್ಲ. ಎದ್ದು ಹೋಗಿ ತಬ್ಬಿಕೊಳ್ಳೋಣ ಅನ್ನಿಸಿತು. ಕಪಾಟನ್ನೇ ಹಿಡಿದುಕೊಂಡು ನಿಂತಿದ್ದೆ ಅಂದರೆ ನಗುತ್ತೀಯೇನೋ.

ಒಂದೇ ಒಂದು ಪೀಡೆ. ಹಾಡಿನ ಮಧ್ಯೆ ಹಿಂದುಗಡೆಯಿಂದ ಯಾರೋ ಕೆಮ್ಮುತ್ತಾರೆ. ಹಳೆಯ ಸ್ಪೀಕರಿನಲ್ಲಿ ಯಾವತ್ತೂ ಕೇಳಿರಲಿಲ್ಲ. ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದ ಹಾಗೆ, ಒಂದು ಸಲ ಅಲ್ಲ, ನಾಲ್ಕೈದು ಸಲ. ಯಾವ ದರಿದ್ರ ಅದು? ಸ್ಟುಡಿಯೋದ ಕಸಗುಡಿಸುವವಳೋ, ನೀನೋ? ನೀನೇ ಇರಬೇಕು, ತಂಗಿಯ ಹಾಡು ಕೆಡಿಸಲು. ನಿಮ್ಮ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಬೇಡದ್ದನ್ನು ಕತ್ತರಿಸುತ್ತಾರಂತೆ, ಫಿಟ್ಟರ್ ಹೇಳಿದ. ಆಗಸ್ಟ್ ಒಳಗೆ ಆ ಕೆಮ್ಮನ್ನು ಕಿತ್ತು ಬಿಸಾಡಿಸು. ನನ್ನ ಮಗಳ ಹಾಡಿನಲ್ಲಿ ಆ ಹಾಳು ಸದ್ದು ಇರಕೂಡದು.

ಅಮ್ಮ


ಜೂನ್ 20

ಅಮ್ಮ,

ಕೆಮ್ಮು ತೆಗೆಯುವುದಿಲ್ಲ. ಆಗುವುದಿಲ್ಲ ಅಂತಲ್ಲ, ನಾನು ತೆಗೆಯುವುದಿಲ್ಲ. ಕೆಮ್ಮಿದವಳು ನಾನಲ್ಲ. ಇದರ ಬಗ್ಗೆ ಇನ್ನೊಂದು ಸಲ ಕೇಳಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಆಗಸ್ಟಿನಲ್ಲಿ ಬರುತ್ತೇನೆ, ಆಂಪ್ಲಿಫೈಯರ್ ನಾನೇ ನೋಡಿಕೊಳ್ಳುತ್ತೇನೆ.

ದೊಡ್ಡವಳು


ಆಗಸ್ಟ್ 23

ಅಮ್ಮ,

ಗಿಣಿಯ ನೆನಪಿನ ಸಂಜೆ ಚೆನ್ನಾಗಿ ಆಯಿತು. ಕೋಣೆ ತುಂಬಿತ್ತು, ಕಿಟಕಿಯ ಕಟ್ಟೆಯ ಮೇಲೂ ಜನ ಕೂತಿದ್ದರು. ಹಾಡು ಮುಗಿದಾಗ ಎಲ್ಲರೂ ಮೂಗು ಒರೆಸಿಕೊಂಡರು. ನಾನು ಸ್ಪೀಕರಿನ ಪಕ್ಕ, ಬೆನ್ನು ಗೋಡೆಗೆ ಕೊಟ್ಟು ನಿಂತಿದ್ದೆ. ನಿನ್ನ ಹಳೆಯ ಶಿಷ್ಯೆಯೊಬ್ಬಳು, ಈಗ ಶಾಲೆಯ ಹೆಡ್‌ಮಿಸ್ ಆಗಿರುವವಳು, "ಟೀಚರ್, ಇವರೂ ನಿಮ್ಮ ಮಗಳಾ?" ಅಂತ ನನ್ನನ್ನು ತೋರಿಸಿ ಕೇಳಿದಳು. ನೀನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಹೂಂ, ಇವಳೂ ಇದ್ದಾಳೆ. ಸಾವಿಗೂ ಒಳ್ಳೇ ಕಿವಿ ಇದೆ ನೋಡಮ್ಮ. ಹಾಡೋವಳನ್ನೇ ಆರಿಸ್ಕೊಂಡು ಹೋಯ್ತು, ಇದನ್ನ ಬಿಟ್ಟು."

ಯಾರೂ ನಗಲಿಲ್ಲ. ನೀನು ಮಾತ್ರ ನಕ್ಕೆ.

ಇನ್ನು ಸುಮ್ಮನಿರುವ ಶಕ್ತಿ ನನಗಿಲ್ಲ. ಆ ಹಾಡು ಹಾಡಿದವಳು ನಾನು. ಗಿಣಿಗೆ ಆವತ್ತು ಗಂಟಲು ಕಟ್ಟಿತ್ತು. ಸ್ಟುಡಿಯೋದ ಮೂಲೆಯಲ್ಲಿ ಅಪ್ಪನ ಪಂಚೆಯ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನೀನು ದರಿದ್ರ ಅಂದೆಯಲ್ಲ, ಕಿತ್ತು ಬಿಸಾಡು ಅಂದೆಯಲ್ಲ, ಆ ಕೆಮ್ಮು ಅವಳದು. ನಿನ್ನ ಮಗಳು ಆ ಕ್ಯಾಸೆಟ್ಟಿನಲ್ಲಿ ಇರುವುದು ಅಷ್ಟೇ.

ನಂಬಿಕೆ ಬರದಿದ್ದರೆ ಗಿಣಿ ಆಮೇಲೆ ಯಾಕೆ ಒಂದು ದಿನವೂ ಮೈಕಿನ ಮುಂದೆ ನಿಲ್ಲಲಿಲ್ಲ ಯೋಚಿಸು. ವಿನಯ ಅಂತ ನೀನು ಊರಿಗೆಲ್ಲ ಹೇಳಿಕೊಂಡು ಬಂದೆ. ನೀನು ಆ ಹಾಡು ಹೊಗಳಿದಾಗಲೆಲ್ಲ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. "ಅಕ್ಕಾ, ನಿನ್ನ ಥರ ಹಾಡಕ್ಕೆ ನನಗೆ ಬರಲ್ವಲ್ಲೇ" ಅನ್ನುತ್ತಿದ್ದಳು. ಅವಳಿಗೆ ಹಾಡೆಂದರೆ ಪ್ರಾಣ, ಹಾಡನ್ನೇ ಬಿಟ್ಟಳು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಸವೆದಳು. ನೀನು ನನ್ನನ್ನು ಗೊಗ್ಗರಿ ಅಂದು ಕೊಂದೆ, ಅವಳನ್ನು ನನ್ನ ಹಾಡಿನಿಂದ ಕೊಂದೆ. ಹಾಡುವವರಿಗೆ ಬೆನ್ನು ಹಾಕಿ ಕೂತು ಇಬ್ಬರು ಮಕ್ಕಳನ್ನು ಬೆಳೆಸಿದೆ. ಒಂದು ಸಲ ತಿರುಗಿ ನೋಡಿದ್ದರೆ ನಮ್ಮ ಮೂವರ ಮುಖದಲ್ಲೂ ಬರೆದಿತ್ತು.

ನನಗೆ ನಿನ್ನಿಂದ ಒಂದೇ ಒಂದು ಮಾತು ಬೇಕು. ಆ ಹಾಡು ಚೆನ್ನಾಗಿದೆ ಅಂತ ಈಗ, ನನಗೆ ಹೇಳು. ಗಿಣಿಗೆ ನೂರು ಸಲ ಹೇಳಿದ್ದೀಯ. ನನಗೆ ಒಂದು ಸಲ ಹೇಳು, ಅಮ್ಮ. ಆಮೇಲೆ ನಾನು ಏನೂ ಕೇಳುವುದಿಲ್ಲ.

ನಿನ್ನ ದೊಡ್ಡ ಮಗಳು


ಅಕ್ಟೋಬರ್ 30

ಗೊಗ್ಗರೀ,

ಅಮ್ಮನಿಗೇ ನೀನು ತಾನು ಅಂತ ಬರೆಯುವಷ್ಟು ಬೆಳೆದಿದ್ದೀಯ, ಸಂತೋಷ.

ಮೊದಲು ಸುಳ್ಳು ಅಂದುಕೊಂಡೆ. ಎರಡು ವಾರ ನಿನ್ನ ಪತ್ರವನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೆ. ಆಮೇಲೆ ಕುರ್ಚಿ ತಿರುಗಿಸಿ, ಬೆನ್ನು ಹಾಕಿ, ಕಣ್ಣು ಮುಚ್ಚಿ ಕೇಳಿದೆ. ನಿನ್ನ ಸ್ಪೀಕರ್ ಸುಳ್ಳು ಹೇಳುವುದಿಲ್ಲ. ನೀನೇ. ನೀರು ಕುಡಿದು ಲೋಟ ಇಟ್ಟ ಮೇಲೆ ನೀನು ಎಳೆಯುತ್ತೀಯಲ್ಲ, ಆ ಉಸಿರು. ನನಗೆ ಹೇಗೆ ತಪ್ಪಿತೋ. ಮಗಳ ಮೇಲಿನ ಆಸೆ ಕಿವಿಗೂ ಮಣ್ಣು ಹಾಕಿತು.

ಒಂದು ಮಾತು ಕೇಳಿದ್ದೀಯ. ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ. ನಿನ್ನದು ಅಂತ ಗೊತ್ತಾದ ಮೇಲೆ ಮೊದಲ ಸಾಲಿನಿಂದ ತಪ್ಪೇ ಕೇಳುತ್ತದೆ. ಮೇಲೆ ಹೋಗುವಾಗ ಶ್ರುತಿ ಕೂದಲೆಳೆ ಕೆಳಗಿದೆ. ಕೆಳಗೆ ಬಂದಾಗ ಗೊಗ್ಗರು. ಅದನ್ನೇ ನಾನು ಹತ್ತಿಬಟ್ಟೆ ಅಂದೆ, ಇನ್ನೊಂದು ಅಂದೆ, ಬೇರೆಯವರ ಕಣ್ಣಲ್ಲಿ ನೀರು ಬರಿಸಿದೆ. ಇಷ್ಟು ವರ್ಷ ಒಡಕು ಮಡಕೆಗೆ ಕೈಮುಗಿದೆನಲ್ಲ ಅಂತ ನಾಚಿಕೆಯಾಗುತ್ತದೆ. ಚೆನ್ನಾಗಿಲ್ಲ ಕಣೇ. ಹೇಳಬೇಕೆಂದು ಪ್ರಯತ್ನ ಪಟ್ಟೆ, ಬಾಯಿಗೆ ಬರಲಿಲ್ಲ.

ಗಿಣಿ ಬಚ್ಚಲಲ್ಲಿ ಅಳುತ್ತಿದ್ದಳು ಅಂತ ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನಲ್ಲಿ ತಿರುಗಿಸಲು ಕೈ ಏಳುವುದಿಲ್ಲ. ನನ್ನನ್ನು ಹೊಡೆಯಲು ನಿನಗೆ ಬೇರೆ ಕೋಲು ಸಿಗಲಿಲ್ಲವೇ? ಹೊಡೆದೆ, ಚೆನ್ನಾಗಿಯೇ ಹೊಡೆದೆ. ಈಗ ಹಾಡು ಹಾಕಿದರೆ ಕೆಮ್ಮು ಬರುವುದನ್ನೇ ಕಾಯುತ್ತೇನೆ. ಬರುತ್ತದೆ, ಆದರೆ ಅದರ ಮೇಲೆ ನೀನು ಹಾಡುತ್ತಿರುತ್ತೀಯ. ಅವಳು ಕೆಮ್ಮುವುದನ್ನು ನೆಮ್ಮದಿಯಾಗಿ ಕೇಳಲೂ ನೀನು ಬಿಡುವುದಿಲ್ಲ.

ಸಿ.ಡಿ., ಕ್ಯಾಸೆಟ್ ಎರಡನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ನಿಮ್ಮ ಕಂಪ್ಯೂಟರಿನಲ್ಲಿ ಹಾಡನ್ನು ಪೂರ್ತಿ ತೆಗೆದುಬಿಡು. ನಿನ್ನ ದನಿ ಒಂದು ಚೂರೂ ಇರಬಾರದು. ಕೆಮ್ಮು ಮಾತ್ರ ಉಳಿಸಿ ಕಳಿಸು.

ಅಮ್ಮ


ನವೆಂಬರ್ 14

ಅಮ್ಮ,

ನೀವು ಹೇಳಿದ ಹಾಗೆ ಮಾಡಿದ್ದೇನೆ. ಹೊಸ ಸಿ.ಡಿ. ಇದರ ಜೊತೆಗಿದೆ.

ಗಿಣಿ ಕೆಮ್ಮಿದ ಕಡೆಯೆಲ್ಲ ನಾನು ಹಾಡುತ್ತಿದ್ದೇನೆ, ಅವಳ ಕೆಮ್ಮಿನ ಒಳಗೇ ನನ್ನ ದನಿ ಕಲೆತುಹೋಗಿದೆ. ಹಾಲಿನಿಂದ ನೀರು ತೆಗೆಯಲು ಬರುವುದಿಲ್ಲ. ನನ್ನದು ಒಂದು ಚೂರೂ ಇರಬಾರದು ಅಂದಿದ್ದೀರಿ, ಅದಕ್ಕೆ ಆ ಕೆಮ್ಮುಗಳನ್ನೂ ತೆಗೆದಿದ್ದೇನೆ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವಳು ಕೆಮ್ಮಿದ್ದು ಒಂದೇ ಸಲ. ಅದು ಉಳಿದಿದೆ.

ಕ್ಯಾಸೆಟ್ಟನ್ನೂ ಹಳೆಯ ಸಿ.ಡಿ.ಯನ್ನೂ ಇಟ್ಟುಕೊಂಡು ಮಾಡುವುದೇನೂ ಇರಲಿಲ್ಲ. ಕ್ಯಾಸೆಟ್ ಅಳಿಸಿದೆ, ಸಿ.ಡಿ. ಮುರಿದೆ, ಕಂಪ್ಯೂಟರಿನಲ್ಲೂ ತೆಗೆದುಹಾಕಿದೆ. ಅಳಿಸುವಾಗ ಫಿಟ್ಟರ್ ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಯಾರಿದು? ಇಷ್ಟ್ ಚೆನ್ನಾಗ್ ಹಾಡ್ತಾರೆ, ಯಾಕ್ರೀ ಅಳಿಸ್ತೀರಾ?" ಅಂದರು. "ಮನೆಯವರಿಗೆ ಬೇಡವಂತೆ" ಅಂದೆ. ನಾನು ಕಾದಿದ್ದ ಮಾತು ಅವರ ಬಾಯಿಂದ ಬಂತು, ನನಗೆ ಏನೂ ಅನ್ನಿಸಲಿಲ್ಲ.

ಇನ್ನು ನಾನು ಬರುವುದೂ ಇಲ್ಲ, ಬರೆಯುವುದೂ ಇಲ್ಲ. ಸ್ಪೀಕರ್ ಕೆಟ್ಟರೆ ಅಂಗಡಿಗೆ ಹೇಳಿ ಕಳಿಸಿ, ಬೇರೆ ಯಾರಾದರೂ ಬರುತ್ತಾರೆ.

ಸಿ.ಡಿ. ಹಾಕುವ ಮುಂಚೆ ಕುರ್ಚಿಯಲ್ಲಿ ಸರಿಯಾಗಿ ಕೂತು, ಕಿವಿಗೊಟ್ಟು, ಆಮೇಲೆ ಒತ್ತಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ.

ದೊಡ್ಡವಳು